ಸಿನಿಮಾದಲ್ಲಾದರೂ ಅವಳು ಬದುಕಲಿ

ನಮ್ಮ ಮನೆಯಲ್ಲಿ ಪುಸ್ತಕ ಓದುತ್ತಿದ್ದವರು ಇಬ್ಬರೇ, ಅತ್ತೆ ಮತ್ತು ನಾನು. ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯಾಗಿ ದೊಡ್ಡಬಳ್ಳಾಪುರದ ಆಚೆಯ ಹಳ್ಳಿಯೊಂದಕ್ಕೆ ಹೋಗಿದ್ದವಳು, ನಾನು ಮಿಡ್ಲ್ ಸ್ಕೂಲಿಗೆ ಸೇರಿದ ವರ್ಷ ಒಂದು ಮಧ್ಯಾಹ್ನ ಯಲಹಂಕದ ರೈಲ್ವೆ ಸ್ಟೇಷನ್ನಿನಿಂದ ಒಬ್ಬಳೇ ನಡೆದುಕೊಂಡು ಮನೆಗೆ ಬಂದಳು. ಕೈಯಲ್ಲಿ ಒಂದು ಬಟ್ಟೆಗಂಟು. ಎಡಗೈಯ ಮಣಿಕಟ್ಟು ಊದಿಕೊಂಡಿತ್ತು. ಬಾವಿಕಟ್ಟೆಯ ಹತ್ತಿರ ಜಾರಿ ಬಿದ್ದೆ ಎಂದಳು. ಅಜ್ಜಿ ಊರಿನ ನಾಟಿ ವೈದ್ಯನನ್ನು ಕರೆಸಿ ಬಿದಿರಿನ ದಬ್ಬೆ ಇಟ್ಟು ಕಟ್ಟಿಸಿದಳು. ಮೂಳೆ ಕೂಡಿಕೊಂಡಿತು, ಕೈ ಮಾತ್ರ ಮೊದಲಿನ ಹಾಗೆ ನೆಟ್ಟಗಾಗಲಿಲ್ಲ. ಹಬ್ಬಕ್ಕೆ ಬಂದೆ ಎಂದವಳು ಹಬ್ಬ ಮುಗಿದ ಮೇಲೂ ಉಳಿದಳು. ಯಾಕೆ ಉಳಿದಳೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಬೀದಿಯವರು ಕೇಳಿದರೆ ಅಮ್ಮ, ಕೈ ವಾಸಿಯಾಗಲಿ ಅಂತ ಇಟ್ಟುಕೊಂಡಿದ್ದೀವಿ ಎನ್ನುತ್ತಿದ್ದಳು. ಕೈ ವಾಸಿಯಾದ ಮೇಲೂ ಅದನ್ನೇ ಹೇಳುತ್ತಿದ್ದಳು.

ಅಲ್ಲಾಳಸಂದ್ರದ ಕೆರೆಯ ಕೆಳಗೆ ನಮ್ಮದೊಂದು ದ್ರಾಕ್ಷಿ ತೋಟವಿತ್ತು. ಗೊಂಚಲು ಬಣ್ಣಕ್ಕೆ ತಿರುಗುವ ಹೊತ್ತಿಗೆ ಗಿಳಿ, ಗೊರವಂಕಗಳು ಹಿಂಡುಹಿಂಡಾಗಿ ಬರುತ್ತಿದ್ದವು. ಹಕ್ಕಿ ಕಾಯುವ ಕೆಲಸ ಅತ್ತೆಗೆ ಬಿತ್ತು. ಶಾಲೆ ಬಿಟ್ಟ ಮೇಲೆ ನಾನೂ ಹೋಗಿ ಸೇರಿಕೊಳ್ಳುತ್ತಿದ್ದೆ. ಚಪ್ಪರದ ನೆರಳಿನಲ್ಲಿ ಕೂತು, ಒಂದು ಪುಟ ಓದಿ ಮುಗಿಸಿದ ಕೂಡಲೇ ಸೀಮೆಎಣ್ಣೆ ಡಬ್ಬವನ್ನು ಕೋಲಿನಿಂದ ಬಡಿದು, ಹಕ್ಕಿಗಳು ಎದ್ದು ಹೋದಮೇಲೆ ಮತ್ತೆ ಮುಂದಿನ ಪುಟ. ಕತೆ ಬಿಗಿಯಾದಾಗ ಡಬ್ಬದ ಸದ್ದು ತಡವಾಗುತ್ತಿತ್ತು. ದೂರದಲ್ಲಿ ಕಳೆ ಕೀಳುತ್ತಿದ್ದ ಅಪ್ಪನಿಗೆ ಅದರಿಂದಲೇ ನಾವೇನು ಮಾಡುತ್ತಿದ್ದೇವೆಂದು ಗೊತ್ತಾಗುತ್ತಿತ್ತು. ಅಪ್ಪನಿಗೆ ರುಜು ಹಾಕುವಷ್ಟು ಅಕ್ಷರ ಬರುತ್ತಿತ್ತು, ಅಷ್ಟೇ. ಓದುವವರನ್ನು ಬೈಯುತ್ತಿರಲಿಲ್ಲ. ಬೈಯುವ ಕೆಲಸ ಅಜ್ಜಿಯದು.

ನನಗೆ ಆಗ ಹಿಡಿಸುತ್ತಿದ್ದುದು ಪತ್ತೇದಾರಿ ಕಾದಂಬರಿಗಳು. ರಟ್ಟಿನ ಮೇಲೆ ಪಿಸ್ತೂಲೋ, ಪರದೆಯ ಹಿಂದಿನಿಂದ ಚಾಚಿದ ಕೈಯೋ ಇರಬೇಕು. ಹೆದರಿಸದ ಪುಸ್ತಕ ನನಗೆ ಪುಸ್ತಕವೇ ಅಲ್ಲ. ಅತ್ತೆಗೆ ಅವೆಲ್ಲ ಸೇರುತ್ತಿರಲಿಲ್ಲ. ಕೊಲೆ ಮಾಡಿದವನು ಯಾರಾದರೇನು, ಸತ್ತವರು ಎದ್ದು ಬರುತ್ತಾರಾ ಎಂದು ಪಕ್ಕಕ್ಕಿಡುತ್ತಿದ್ದಳು. ಅವಳಿಗೆ ಬೇಕಾದದ್ದು ಸಂಸಾರದ ಕತೆ. ಅದರಲ್ಲೂ ಸೂರ್ಯೋದಯ, ಬೆಳದಿಂಗಳ ವರ್ಣನೆ ಬಂದರೆ ಪುಟ ತಿರುಗಿಸಿಬಿಡುವಳು. ಸೂರ್ಯ ಹುಟ್ಟೋದನ್ನ ನಾನು ದಿನಾ ಕೊಟ್ಟಿಗೆ ಬಾಚುವಾಗ ನೋಡ್ತೀನಿ, ಇವರೇನು ಹೇಳೋದು ಎನ್ನುವಳು. ಅಡುಗೆಮನೆಯಲ್ಲಿ ಏನು ಬೆಂದಿತು, ಯಾರು ಯಾರ ಜೊತೆ ಮಾತು ಬಿಟ್ಟರು, ಒಬ್ಬಳು ಹೆಂಗಸು ಬೆಳಗಿನಿಂದ ಸಂಜೆಯವರೆಗೆ ಹೇಗೆ ಕಳೆದಳು ಎಂಬುದು ಬಂದಾಗ ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದುತ್ತಿದ್ದಳು.

ಪುಸ್ತಕ ತಂದುಕೊಡುತ್ತಿದ್ದವರು ನನ್ನ ಶಾಲೆಯ ಮೇಡಂ. ಮಲ್ಲೇಶ್ವರದಿಂದ ದಿನವೂ ಪಾಠ ಹೇಳಲು ಬರುತ್ತಿದ್ದರು. ಅವರ ಮನೆಯ ಹತ್ತಿರ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಅಂಗಡಿಯಿತ್ತು. ದಾರಿಯಲ್ಲಿ ತಾವು ಓದಿ ಮುಗಿಸಿದ್ದನ್ನು ನನ್ನ ಕೈಲಿ ಅತ್ತೆಗೆ ಕಳಿಸುತ್ತಿದ್ದರು. ಹಾಗೆ ಬಂದ ಪುಸ್ತಕಗಳಲ್ಲಿ ಒಂದು ನಮ್ಮಿಬ್ಬರನ್ನೂ ಹಿಡಿದುಹಾಕಿತು. ಅದರ ಹೆಸರು ಇಲ್ಲಿ ಬೇಡ, ಕತೆಯಷ್ಟೇ ಸಾಕು. ಗಂಡನ ಹೊಡೆತ ತಾಳಲಾರದೆ ಒಬ್ಬಳು ಮನೆ ಬಿಟ್ಟು ಪಟ್ಟಣಕ್ಕೆ ಬರುತ್ತಾಳೆ. ವಠಾರದಲ್ಲಿ ಒಂದು ಕೋಣೆ ಹಿಡಿದು, ಹೊಲಿಗೆ ಕಲಿತು ಬದುಕುತ್ತಾಳೆ. ಆಮೇಲೆ ಅವಳ ಅಣ್ಣನೇ ಮಾನಕ್ಕೆ ಹೆದರಿ, ಅವಳು ಎಲ್ಲಿದ್ದಾಳೆಂದು ಗಂಡನಿಗೆ ತಿಳಿಸುತ್ತಾನೆ. ಮತ್ತೆ ಗಂಡನ ಮನೆಗೆ ಕಳಿಸಲು ದಿನ ಗೊತ್ತುಮಾಡುತ್ತಾರೆ. ಆ ದಿನ ಬೆಳಿಗ್ಗೆ ಅವಳು ಧಾರೆ ಸೀರೆ ಉಟ್ಟುಕೊಂಡು ಕೆರೆಗೆ ಹೋಗುತ್ತಾಳೆ. ಒಂದೊಂದೇ ಮೆಟ್ಟಿಲು ಇಳಿಯುತ್ತಾಳೆ. ಅಲ್ಲಿಗೆ ಪುಸ್ತಕ ಮುಗಿಯುತ್ತದೆ.

ಅಷ್ಟು ಹೊತ್ತಿಗಾಗಲೇ ನಾನು ಪುಸ್ತಕದಲ್ಲಿ ಎಷ್ಟೋ ಕೊಲೆ ನೋಡಿದ್ದೆ. ಆದರೆ ಈ ಸಾವಿನ ಹಾಗೆ ಯಾವುದೂ ನನ್ನ ನಿದ್ದೆ ಕೆಡಿಸಿರಲಿಲ್ಲ. ಅವಳು ಇಳಿದ ಕೆರೆಯ ಮೆಟ್ಟಿಲು, ಪಕ್ಕದ ಆಲದ ಮರ, ನೀರಿನ ಮೇಲೆ ತೇಲುವ ಎಲೆ ಎಲ್ಲವೂ ನನ್ನ ಕಣ್ಣಿಗೆ ಅಲ್ಲಾಳಸಂದ್ರದ ಕೆರೆಯಾಗಿಯೇ ಕಂಡವು. ಪುಸ್ತಕ ವಾಪಸು ಕೊಟ್ಟು ಹದಿನೈದು ದಿನವಾಗಿರಲಿಲ್ಲ, ಅತ್ತೆ ಅದನ್ನೇ ಮತ್ತೊಂದು ಸಲ ತರಿಸಿಕೊಡು ಎಂದಳು. ಆಮೇಲೆ ಇನ್ನೊಂದು ಸಲ.  ಸಾಯುವ ಕತೆಯನ್ನು ಇವಳು ಯಾಕೆ ಇಷ್ಟು ಸಲ ಓದುತ್ತಾಳೆ?

ಬಟ್ಟೆ ಒಗೆಯಲು ಅತ್ತೆ ಆ ಕೆರೆಗೇ ಹೋಗುತ್ತಿದ್ದಳು. ಒಗೆದು ಹಿಂಡಿ ಬುಟ್ಟಿಗೆ ಹಾಕಿದ ಮೇಲೂ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ನೀರು ನೋಡುತ್ತ ಕೂರುವ ಅಭ್ಯಾಸ ಅವಳಿಗಿತ್ತು. ಮೊದಲು ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಈಗ ಭಾನುವಾರ ಬಂದರೆ ಬುಟ್ಟಿ ಹೊರುತ್ತೇನೆಂದು ಅವಳ ಹಿಂದೆ ಹೋಗಿ ಹತ್ತಿರದಲ್ಲೇ ನಿಲ್ಲುತ್ತಿದ್ದೆ. ಅವಳು ಒಂದು ಮೆಟ್ಟಿಲು ಕೆಳಗಿಳಿದರೆ ಅತ್ತೇ ಎಂದು ಕೂಗುತ್ತಿದ್ದೆ. ಏನೇ ಎಂದರೆ ಬುಟ್ಟಿ ಎತ್ತಿಕೊಳ್ಳುತ್ತಿದ್ದೆ. ಅಜ್ಜಿಯ ಮಾತುಗಳು ಬೇರೆ ನನ್ನ ಭಯಕ್ಕೆ ಎಣ್ಣೆ ಹುಯ್ಯುತ್ತಿದ್ದವು. ಅವಳ ಕಾಲದಲ್ಲಿ ಆ ಕೆರೆಗೆ ಬಿದ್ದ ಹೆಂಗಸರ ಕತೆಗಳನ್ನು ಅವರೆಕಾಯಿ ಸುಲಿಯುತ್ತ ಹೇಳುವಳು. ಹೊಟ್ಟೆ ತುಂಬಿದವರನ್ನು ಕೆರೆ ಕರೆಯುವುದಿಲ್ಲ, ಎದೆ ತುಂಬಿದವರನ್ನು ಕರೆಯುತ್ತದೆ ಎನ್ನುವಳು. ಅತ್ತೆ ಅದನ್ನು ಕೇಳಿಸಿಕೊಳ್ಳುತ್ತ ಕಾಳು ಬಿಡಿಸುತ್ತಿದ್ದಳು.

ನನ್ನ ಭಯಕ್ಕೆ ಒಂದು ಮದ್ದು ಸಿಕ್ಕಿದ್ದು ಟೆಂಟ್ ಸಿನಿಮಾದಿಂದ. ಯಲಹಂಕದ ಬಯಲಿನಲ್ಲಿ ಆಗ ಟೂರಿಂಗ್ ಟಾಕೀಸು ಬಂದು ಕೂತಿತ್ತು. ಸುಗ್ಗಿಯ ಕೆಲಸ ಮುಗಿದ ಖುಷಿಗೆ ಅಪ್ಪ ನನ್ನನ್ನೂ ಅಮ್ಮನನ್ನೂ ಒಂದು ಚಿತ್ರಕ್ಕೆ ಕರೆದುಕೊಂಡು ಹೋದ. ಗಂಡನ ಮನೆಯಿಂದ ಬಂದು ಕೂತವಳು ಸಿನಿಮಾ ನೋಡಿದರೆ ಜನ ಏನೆಂದಾರು ಎಂದು ಅಜ್ಜಿ ಅತ್ತೆಯನ್ನು ಬಿಡಲಿಲ್ಲ. ಆ ಚಿತ್ರ ಒಂದು ಕಾದಂಬರಿಯಿಂದ ಬಂದದ್ದಂತೆ. ಮಾರನೆಯ ದಿನ ಶಾಲೆಯಲ್ಲಿ ಅದರ ಮಾತು ತೆಗೆದೆ. ಮೇಡಂ ಮುಖ ಕಿವಿಚಿದರು. ಪುಸ್ತಕದಲ್ಲಿ ನಾಯಕಿ ಕ್ಷಯದಿಂದ ಸಾಯುತ್ತಾಳೆ, ಇವರು ಅವಳನ್ನು ಗುಣಮಾಡಿ ಕೊನೆಗೊಂದು ಹಾಡು ಹಾಕಿದ್ದಾರೆ ಎಂದು ಬೇಸರಪಟ್ಟುಕೊಂಡರು. "ಸಿನಿಮಾದವರಿಗೆ ನಾಯಕಿಯನ್ನ ಸಾಯಿಸೋಕೆ ಧೈರ್ಯ ಇರಲ್ಲ ಕಣಮ್ಮ. ಜನ ಬೆಂಚು ಮುರಿದುಹಾಕ್ತಾರೆ" ಎಂದರು.

ಅವರಿಗೆ ಬೇಸರವಾದದ್ದು ನನಗೆ ಬೆಳಕಾಯಿತು. ಅತ್ತೆಯ ಪುಸ್ತಕವೂ ಸಿನಿಮಾ ಆದರೆ ಆ ಹೆಂಗಸು ಕೆರೆಗೆ ಇಳಿಯುವುದಿಲ್ಲ. ಅವಳು ಇಳಿಯದಿದ್ದರೆ ಅತ್ತೆಯೂ ಇಳಿಯುವುದಿಲ್ಲ. ಹದಿಮೂರು ವರ್ಷದ ತಲೆಗೆ ಈ ಲೆಕ್ಕದಲ್ಲಿ ತಪ್ಪೇನೂ ಕಾಣಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿದ್ದ ಆಂಜನೇಯನ ಗುಡಿಯ ಮುಂದೆ ನಿಂತು ದಿನವೂ ಕೈಮುಗಿದು ಕೇಳಿಕೊಳ್ಳುತ್ತಿದ್ದೆ, ಆ ಪುಸ್ತಕ ಸಿನಿಮಾ ಆಗಲಿ, ಸಿನಿಮಾದಲ್ಲಾದರೂ ಅವಳು ಬದುಕಲಿ. ನನ್ನ ಗೆಳತಿಯರು ಪರೀಕ್ಷೆಗೆ ಬೇಡಿಕೊಳ್ಳುತ್ತಿದ್ದರು.

ತೋಟದಲ್ಲಿ ಅತ್ತೆಯ ಜೊತೆ ಈ ಮಾತು ಎತ್ತಿದಾಗ ಅವಳ ಮುಖ ಅರಳಿತು. ಅಂದಿನಿಂದ ಅದು ನಮ್ಮ ಆಟವಾಯಿತು. ನಾಯಕಿಯ ಪಾತ್ರಕ್ಕೆ ವಾರಪತ್ರಿಕೆಯಲ್ಲಿ ಕಂಡ ನಟಿಯರನ್ನೆಲ್ಲ ಒಬ್ಬೊಬ್ಬರಾಗಿ ತೂಗಿ ನೋಡಿದೆವು. ಒಬ್ಬಳು ತೀರಾ ಬೆಳ್ಳಗೆ, ಇನ್ನೊಬ್ಬಳಿಗೆ ಒಲೆ ಊದಿ ಗೊತ್ತಿದ್ದ ಹಾಗೆ ಕಾಣುವುದಿಲ್ಲ ಎಂದು ಅತ್ತೆ ತಳ್ಳಿಹಾಕಿದಳು. ಗಂಡನ ಪಾತ್ರಕ್ಕೆ ಮೀಸೆ ತಿರುವಿ ಕಣ್ಣು ಕೆಂಪು ಮಾಡುವವರು ಬೇಡ ಎಂದಳು. ನೋಡಲು ಸಾಧುವಾಗಿರಬೇಕು, ಮೆಲ್ಲಗೆ ಮಾತಾಡಬೇಕು, ಬೀದಿಯಲ್ಲಿ ಎಲ್ಲರಿಗೂ ಕೈಮುಗಿಯಬೇಕು, ಅಂಥವನನ್ನು ಹಾಕಬೇಕು ಎಂದಳು. ಅಷ್ಟು ಹೇಳಿ ಡಬ್ಬ ಬಡಿಯಲು ಶುರುಮಾಡಿದಳು. ಚಪ್ಪರದ ಮೇಲೆ ಒಂದು ಹಕ್ಕಿಯೂ ಇರಲಿಲ್ಲ. ಜಕ್ಕೂರಿನ ವಿಮಾನ ತರಬೇತಿ ಶಾಲೆಯ ಪುಟ್ಟ ವಿಮಾನವೊಂದು ತಲೆಯ ಮೇಲೆ ಗುಂಯ್ಗುಟ್ಟುತ್ತ ಸುತ್ತು ಹಾಕುತ್ತಿತ್ತು.

ಕೆಲವು ತಿಂಗಳಾದ ಮೇಲೆ ಮೇಡಂ ಒಂದು ವಾರಪತ್ರಿಕೆ ತಂದು ನನ್ನ ಮುಂದೆ ಹಿಡಿದರು. ಅದರಲ್ಲಿ ಕ್ಯಾಮರಾದ ಮುಂದೆ ತೆಂಗಿನಕಾಯಿ ಒಡೆಯುವ ಫೋಟೋ ಇತ್ತು. ಕೆಳಗೆ ನಮ್ಮ ಪುಸ್ತಕದ ಹೆಸರಿತ್ತು. ಮನೆಯವರೆಗೆ ಓಡಿಬಂದೆ. ಅತ್ತೆ ಆ ಫೋಟೋ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಅವಳು ವಾಪಸು ಬಂದಮೇಲೆ ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದಿನ ವರ್ಷ ಯುಗಾದಿಯ ಹೊತ್ತಿಗೆ ಚಿತ್ರ ಬರುತ್ತದೆಂದು ಬರೆದಿತ್ತು.

ಯುಗಾದಿಗಿಂತ ಮೊದಲು ಬಂದವರು ಅತ್ತೆಯ ಗಂಡನ ಮನೆಯವರು. ಗಂಡನ ಅಣ್ಣ, ಜೊತೆಗೆ ಒಬ್ಬ ಹಿರಿಯರು. ಜಗಲಿಯ ಮೇಲೆ ಕೂತು ಕಾಫಿ ಕುಡಿದರು, ದ್ರಾಕ್ಷಿಯ ಬೆಳೆ ಕೇಳಿದರು, ಆಮೇಲೆ ವಿಷಯಕ್ಕೆ ಬಂದರು. ಹುಡುಗ ಒಬ್ಬನೇ ಬೇಯಿಸಿಕೊಂಡು ತಿನ್ನುತ್ತಿದ್ದಾನೆ, ನಾಲ್ಕು ಜನ ಆಡಿಕೊಳ್ಳುತ್ತಿದ್ದಾರೆ, ಹೆಂಗಸು ತವರಲ್ಲಿ ಎಷ್ಟು ದಿನ ಅಂತ ಕೂತಾಳು ಎಂದರು. ಅಪ್ಪ ತಲೆ ತಗ್ಗಿಸಿಕೊಂಡು ಕೇಳಿದ. ಯುಗಾದಿ ಮುಗಿಸಿಕೊಂಡು ಕಳಿಸುತ್ತೇನೆ ಎಂದ. ಒಳಗೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಅತ್ತೆಗೆ ಎಲ್ಲವೂ ಕೇಳಿಸಿತು. ಅವಳು ಲೋಟಗಳನ್ನು ತೊಳೆದು ಬೋರಲು ಹಾಕಿದಳು.

ಪುಸ್ತಕದಲ್ಲಿದ್ದ ಅಣ್ಣನೂ ಹೀಗೇ ತಲೆ ತಗ್ಗಿಸಿಕೊಂಡು ಒಪ್ಪಿಕೊಂಡಿದ್ದ. ಅಂದಿನಿಂದ ನನಗೆ ಊಟ ಸೇರದಾಯಿತು. ಯಾರಿಗಾದರೂ ಹೇಳೋಣವೆಂದರೆ ಏನೆಂದು ಹೇಳುವುದು? ಅಜ್ಜಿಗೆ ಹೇಳಿದರೆ ಪುಸ್ತಕಗಳೆಲ್ಲ ಒಲೆಗೆ ಹೋಗುತ್ತವೆ. ಅಮ್ಮನಿಗೆ ಹೇಳಿದರೆ, ಬಾಯಲ್ಲಿ ಅಪಶಕುನ ಆಡಬೇಡ ಎಂದು ಬೈಯುತ್ತಾಳೆ. ಬಾಯಿಬಿಟ್ಟು ಹೇಳಿದರೆ ಅದೇ ನಿಜವಾಗಿಬಿಡಬಹುದೆಂಬ ಹೆದರಿಕೆ ನನಗೂ ಇತ್ತು.

ಚಿತ್ರ ಹೇಳಿದ್ದಕ್ಕಿಂತ ಸ್ವಲ್ಪ ಮೊದಲೇ ಮೆಜೆಸ್ಟಿಕ್ ಕಡೆಯ ಟಾಕೀಸಿಗೆ ಬಂತು. ಮೇಡಂ ಮೊದಲ ವಾರವೇ ನೋಡಿಬಂದರು. ಕೊನೆಯಲ್ಲಿ ಏನಾಗುತ್ತದೆ ಎಂದು ಕೇಳಿದೆ. ಅವರು ನಕ್ಕು, ಅದನ್ನು ಹೇಳಿಬಿಟ್ಟರೆ ನೋಡುವವರಿಗೆ ಏನು ಉಳಿಯುತ್ತದೆ ಎಂದರು. ಇನ್ನೊಮ್ಮೆ ಕೇಳಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಅವರು ಕ್ಲಾಸಿಗೆ ಹೋದರು.

ಅದಾದ ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಬುತ್ತಿ ತೆಗೆದುಕೊಂಡು ತೋಟಕ್ಕೆ ಹೋದೆ. ಚಪ್ಪರದ ಕೆಳಗೆ ಅತ್ತೆ ಇರಲಿಲ್ಲ. ಗೊರವಂಕಗಳು ನಿರಾಳವಾಗಿ ಗೊಂಚಲು ಕುಕ್ಕುತ್ತಿದ್ದವು. ಮನೆಯಲ್ಲಿ ತೋಟಕ್ಕೆ ಹೋಗಿದ್ದಾಳೆಂದು ತಿಳಿದಿದ್ದರು, ತೋಟದಲ್ಲಿ ಮನೆಯಲ್ಲೇ ಇದ್ದಾಳೆಂದು ತಿಳಿದಿದ್ದರು. ಕಳೆ ಕೀಳಲು ಬರುತ್ತಿದ್ದ ಮುದುಕಿಯನ್ನು ಕೇಳಿದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಹೋಗುತ್ತಿದ್ದುದನ್ನು ಕಂಡೆ ಎಂದಳು.

"ರೇಶ್ಮೆ ಸೀರೆ ಉಟ್ಟಿತ್ತವ್ವ. ಕೂಗ್ದೆ. ತಿರುಗಿ ನೋಡ್ನಿಲ್ಲ."

ಬುತ್ತಿಯನ್ನು ಅಲ್ಲೇ ಬಿಟ್ಟು ಓಡಿದೆ. ಅತ್ತೆಗಿದ್ದುದು ಒಂದೇ ರೇಷ್ಮೆ ಸೀರೆ, ಅವಳ ಧಾರೆ ಸೀರೆ. ಕೆರೆ ಏರಿ ಹತ್ತುವಾಗ ಎರಡು ಸಲ ಮುಗ್ಗರಿಸಿದೆ. ಮೇಲೆ ನಿಂತು ನೋಡಿದರೆ ನೀರು ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ಮೆಟ್ಟಿಲ ಮೇಲೆ ಯಾರೂ ಇಲ್ಲ. ಆಚೆ ಜೊಂಡಿನ ಹತ್ತಿರ ಏನೋ ಕೆಂಪಗೆ ತೇಲುತ್ತಿತ್ತು. ಕೈ ಚಾಚಿ ತೋರಿಸಿದೆ. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಸೊಂಟದ ಮಟ್ಟ ನೀರಿಗಿಳಿದು ಅದನ್ನು ಎಳೆದುಕೊಂಡು ದಡಕ್ಕೆ ಬಂದ. ಜಮಖಾನ. ನಾನು ಮೆಟ್ಟಿಲ ಮೇಲೆ ಕೂತೆ. ಆದರೆ ಅದು ಜಮಖಾನವಾದ ಮಾತ್ರಕ್ಕೆ ಅತ್ತೆ ಎಲ್ಲಿ ಎಂಬ ಪ್ರಶ್ನೆ ತೀರಲಿಲ್ಲ.

ತೋಟಕ್ಕೆ ಓಡಿಬಂದು ಅಪ್ಪನಿಗೆ ಹೇಳಿದೆ. ಅವನು ಏನೂ ಕೇಳದೆ ಸೀದಾ ತೋಟದ ಬಾವಿಯ ಹತ್ತಿರ ಹೋದ. ಬಿಂದಿಗೆ ಬಿದ್ದಾಗ ಎತ್ತಲು ಇಟ್ಟುಕೊಂಡಿದ್ದ ಪಾತಾಳಗರಡಿಯನ್ನು, ಅದರ ಕೊಕ್ಕೆಗಳೆಲ್ಲ ಒಂದಕ್ಕೊಂದು ಬಡಿದು ಸದ್ದು ಮಾಡುತ್ತಿರಲು, ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟ. ಇಬ್ಬರು ಆಳುಗಳು ಬಗ್ಗಿ ನೋಡುತ್ತಿದ್ದರು. ಅಪ್ಪ ಹಗ್ಗವನ್ನು ಆ ಕಡೆ ಈ ಕಡೆ ಆಡಿಸಿದ. ಏನೋ ಸಿಕ್ಕಿಕೊಂಡಿತು. ಅವನ ಕೈ ನಿಂತಿತು.  ಮೆಲ್ಲಗೆ ಎಳೆದ. ಪಾಚಿ ಹಿಡಿದ ಹಳೆಯ ತೊಲೆಯ ತುಂಡೊಂದು ಮೇಲೆ ಬಂತು. ಅದನ್ನು ಬದಿಗೆಸೆದು ಮತ್ತೆ ಹಗ್ಗ ಇಳಿಬಿಟ್ಟ.

ಆಗ ನನಗೆ ತಡೆಯಲಾಗಲಿಲ್ಲ. ಅಪ್ಪ, ಬಾವಿ ಅಲ್ಲ, ಪುಸ್ತಕದಲ್ಲಿ ಕೆರೆ ಎಂದೆ.

ಅವನಿಗೆ ಅರ್ಥವಾಗಲಿಲ್ಲ. ಯಾವ ಪುಸ್ತಕ ಎಂದ. ಹೇಳಿದೆ. ಮೊದಲಿನಿಂದ ಹೇಳಿದೆ, ಬಿಕ್ಕುತ್ತ, ಹಿಂದುಮುಂದಾಗಿ. ಸಾಧುವಿನಂತೆ ಕಾಣುವ ಗಂಡ, ಅವನು ಬಾಗಿಲು ಹಾಕಿಕೊಂಡು ಹೊಡೆಯುವುದು, ಅವಳು ಓಡಿ ಬಂದದ್ದು, ಕೋಣೆ, ಹೊಲಿಗೆ, ಗೊತ್ತುಮಾಡಿದ ದಿನ, ಧಾರೆ ಸೀರೆ. ಹೇಳುತ್ತ ಹೋದಂತೆ ಅಪ್ಪನ ಕೈಯಲ್ಲಿ ಹಗ್ಗ ಸಡಿಲವಾಯಿತು. ಅವನು ಬಾವಿಕಟ್ಟೆಯ ಮೇಲೆ ಕೂತ. ಆಳುಗಳನ್ನು ದೂರ ಕಳಿಸಿದ.

"ಅವಳಿಗೆ ಅಣ್ಣತಮ್ಮ ಯಾರೂ ಇರ್ನಿಲ್ವಾ?" ಎಂದು ಕೇಳಿದ.

"ಅಣ್ಣ ಇದ್ದ ಅಪ್ಪ. ಅವನೇ ಕಳಿಸ್ತೀನಿ ಅಂದಿದ್ದು."

ಅಪ್ಪ ಪಾತಾಳಗರಡಿಯನ್ನು ಮೇಲಕ್ಕೆಳೆದು ಬದಿಗಿಟ್ಟ. ಅವನು ಅಳುತ್ತಿದ್ದಾನೋ ಏನೋ ಎಂದು ಹೆದರಿ ನಾನು ಅವನ ಮುಖ ನೋಡಲಿಲ್ಲ. ಆಮೇಲೆ ಎದ್ದು, ಕೆರೆ ಏರಿಯ ಮೇಲೆ ಹೋಗುವ ಹಾದಿ ಆ ಕಡೆ ಬಳ್ಳಾರಿ ರಸ್ತೆಗೂ ಹೋಗುತ್ತದಲ್ಲ ಎಂದ. ತನಗೆ ತಾನೇ ಹೇಳಿಕೊಂಡ ಹಾಗಿತ್ತು. ಬಿರಬಿರನೆ ನಡೆಯತೊಡಗಿದ. ನೀನು ಮನೆಗೆ ಹೋಗು ಎಂದರೂ ನಾನು ಹಿಂದೆಯೇ ಹೋದೆ.

ರಸ್ತೆಯ ಪಕ್ಕದ ಟೀ ಅಂಗಡಿಯವನಿಗೆ ಅತ್ತೆಯ ಗುರುತಿತ್ತು. ಬೆಳಿಗ್ಗೆ ಹೆಬ್ಬಾಳದ ಕಡೆಗೆ ಹೋಗುವ ಸಿಟಿ ಬಸ್ಸು ಹತ್ತಿದರು ಎಂದ. ಒಬ್ಬರೇ ಇದ್ದರು ಎಂದೂ ಹೇಳಿದ. ನನ್ನ ಎದೆಯ ಮೇಲಿನ ಕಲ್ಲು ಇಳಿದು, ಆ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ಅವಳು ಬದುಕಿದ್ದಾಳೆ. ಆದರೆ ಹೋದವಳು ತಿರುಗಿ ಬರುತ್ತಾಳೆಯೇ? ಪಟ್ಟಣದಲ್ಲಿ ಹೆಬ್ಬಾಳದ ಕೆರೆ ಬೇರೆ ಇತ್ತು, ಇನ್ನೂ ಎಷ್ಟೋ ಕೆರೆಗಳಿದ್ದವು.

ನಾವಿಬ್ಬರೂ ರಸ್ತೆಯ ಬದಿಯ ಹುಣಸೆ ಮರದ ಕೆಳಗೆ ಕೂತೆವು. ಒಂದೊಂದು ಬಸ್ಸು ಬಂದಾಗಲೂ ಅಪ್ಪ ಎದ್ದು ನಿಲ್ಲುತ್ತಿದ್ದ. ಸೊಪ್ಪು ಮಾರಿ ಖಾಲಿ ಬುಟ್ಟಿ ಹೊತ್ತ ಹೆಂಗಸರು ಇಳಿದರು, ಹೆಬ್ಬಾಳದ ಕೃಷಿ ಕಾಲೇಜಿನಲ್ಲಿ ಕೂಲಿ ಮಾಡುವವರು ಇಳಿದರು. ಬಸ್ಸು ಹೊರಟು ಹೋದಾಗ ಅಪ್ಪ ಮತ್ತೆ ಕೂರುತ್ತಿದ್ದ.  ಒಂದು ಸಲ, ಅವಳ ಗಂಡ ಹೊಡೀತಿದ್ದ ಅಂತ ನಿಂಗೆ ಅತ್ತೆ ಹೇಳಿದ್ಲಾ ಎಂದು ಕೇಳಿದ. ಇಲ್ಲ ಎಂದೆ. ನಂಗೂ ಹೇಳ್ನಿಲ್ಲ, ನಾನೂ ಕೇಳ್ನಿಲ್ಲ ಎಂದ.

ಹೊತ್ತು ಮುಳುಗುವ ಮುಂಚೆ ಬಂದ ಬಸ್ಸಿನಿಂದ ಅತ್ತೆ ಇಳಿದಳು. ಮೈಮೇಲೆ ಅದೇ ಧಾರೆ ಸೀರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ನಮ್ಮನ್ನು ಕಂಡು ರಸ್ತೆಯ ಅಂಚಿನಲ್ಲೇ ನಿಂತುಬಿಟ್ಟಳು. ನಾನು ಓಡಿಹೋಗಿ ಅವಳ ಸೊಂಟ ಹಿಡಿದುಕೊಂಡೆ. ಅವಳ ಮೈ ನಡುಗುತ್ತಿತ್ತು. ಅಣ್ಣ ಹೊಡೆಯುತ್ತಾನೆಂದು ಅವಳು ಹೆದರಿದ್ದಳೆಂದು ನನಗೆ ಆಗ ಹೊಳೆಯಲಿಲ್ಲ.

ಎಲ್ಲಿಗೆ ಹೋಗಿದ್ದೆ ಎಂದು ಅಪ್ಪ ಕೇಳಿದ. ಸಿನಿಮಾಕ್ಕೆ ಎಂದಳು. ಸೀರೆ ಯಾಕೆ ಇದನ್ನು ಉಟ್ಟೆ ಎಂದು ನಾನು ಕೇಳಿದೆ. ಉಳಿದ ಸೀರೆಗಳೆಲ್ಲ ತೋಟದ ಕೆಲಸದವು, ಅವನ್ನು ಉಟ್ಟುಕೊಂಡು ಟಾಕೀಸಿಗೆ ಹೋದರೆ ಗೇಟಿನಲ್ಲೇ ತಡೆಯುತ್ತಾರೆ ಅಂದುಕೊಂಡೆ ಎಂದಳು. ಅಪ್ಪ ಅವಳ ಹತ್ತಿರ ಬಂದ.

"ಕೊನೆಗೆ ಏನಾದ್ಲು ಅವ್ಳು, ಸಿನಿಮಾದಲ್ಲಿ?"

ಅತ್ತೆ ಬೆರಗಾಗಿ ಅವನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಈ ಕತೆ ಅಣ್ಣನಿಗೆ ಹೇಗೆ ಗೊತ್ತಾಯಿತೆಂದು ಕೇಳಲಿಲ್ಲ.

"ಗಂಡನ ಕಾಲಿಗೆ ಬಿದ್ದು ಅವನ ಜೊತೆ ವಾಪಸ್ ಹೋದ್ಲು ಅಣ್ಣ. ಜಟಕಾದಲ್ಲಿ ಕೂರಿಸ್ಕೊಂಡು ಕರ್ಕೊಂಡೋದ. ಒಂದು ಹಾಡು. ಎಲ್ರೂ ಚಪ್ಪಾಳೆ ಹೊಡೆದ್ರು."

ನಾನು ಗುಡಿಯ ಮುಂದೆ ನಿಂತು ಬೇಡಿಕೊಂಡದ್ದು ಅಕ್ಷರಕ್ಕೆ ಅಕ್ಷರ ನಡೆದಿತ್ತು. ಅವಳು ಬದುಕಿದ್ದಳು. ಅತ್ತೆಯ ದನಿಯಲ್ಲಿ ಅದನ್ನು ಕೇಳಿದಾಗ ಕೆರೆಯ ಮೆಟ್ಟಿಲಿಗಿಂತ ಹೆಚ್ಚು ಹೆದರಿಕೆಯಾಯಿತು. ಆ ಜಟಕಾ ಎಲ್ಲಿಗೆ ಹೋಯಿತು, ಅಲ್ಲಿ ಬಾಗಿಲು ಹಾಕಿಕೊಂಡ ಮೇಲೆ ಏನಾಯಿತು ಎಂಬುದನ್ನು ಯಾವ ಪರದೆಯೂ ತೋರಿಸುವುದಿಲ್ಲ.

"ಬರ್ದವರು ಸಾಯಿಸಿದ್ರು, ಇವರು ವಾಪಸ್ ಕಳಿಸಿದ್ರು" ಎಂದಳು ಅತ್ತೆ. "ಮೂರನೇದು ಇನ್ನೇನೂ ಯಾರಿಗೂ ತೋಚಲ್ವಾ ಅಣ್ಣ? ನಂಗೆ ಸಾಯೋಕೆ ಇಷ್ಟ ಇಲ್ಲ. ಅಲ್ಲಿಗೆ ಹೋಗೋಕೂ ಇಷ್ಟ ಇಲ್ಲ."

ಅಪ್ಪ ಅವಳ ಕೈಯಿಂದ ಚೀಲ ತೆಗೆದುಕೊಂಡ.

"ಅವರಿಗೆ ತೋಚ್ದಿದ್ರೆ ಬುಡು" ಎಂದ. "ಮನೇಗ್ ನಡಿ. ಕತ್ಲಾಯ್ತದೆ."

ಮನೆಯಲ್ಲಿ ಅಜ್ಜಿ ಬೈದಳು, ಅತ್ತಳು, ಮತ್ತೆ ಬೈದಳು. ಅಪ್ಪ ಎರಡು ದಿನ ಬಿಟ್ಟು ದೊಡ್ಡಬಳ್ಳಾಪುರದ ಕಡೆಗೆ ಹೋಗಿ, ಕಳಿಸುವುದಿಲ್ಲ ಎಂದು ಹೇಳಿ ಬಂದ. ಹೇಳುವಾಗ ಏನು ನಡೆಯಿತೋ ನಮಗೆ ಹೇಳಲಿಲ್ಲ. ಬಂದವನು ಕಾಲು ತೊಳೆದುಕೊಂಡು, ಊಟ ಬೇಡ ಎಂದು ಮಲಗಿದ.

ಯುಗಾದಿಯ ಮಾರನೆಯ ದಿನ ಅವರು ಬಂದರು. ಈ ಸಲ ಐದಾರು ಜನ. ಅತ್ತೆಯ ಗಂಡನೂ ಇದ್ದ. ಮೆಲ್ಲಗೆ ಮಾತಾಡುವ, ಬೀದಿಯವರಿಗೆಲ್ಲ ಕೈಮುಗಿಯುವ ಮನುಷ್ಯ. ಅವನನ್ನು ಕಂಡದ್ದೇ ಅತ್ತೆ ಒಳಗಿನ ಕೋಣೆಗೆ ಹೋಗಿ ಕದ ಹಾಕಿಕೊಂಡಳು. ನಾನು ಅವಳ ಜೊತೆ ಒಳಗಿದ್ದೆ. ಕಿಟಕಿಯ ಸಂದಿಯಿಂದ ಜಗಲಿ ಕಾಣುತ್ತಿತ್ತು. ಜೊತೆಗೆ ಬಂದವರ ದನಿ ಏರಿತು, ಪಂಚಾಯ್ತಿ ಸೇರಿಸುತ್ತೇವೆ, ಎಳೆದುಕೊಂಡು ಹೋಗುತ್ತೇವೆ ಎಂಬ ಮಾತುಗಳು ಬಂದವು. ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.  ಅಷ್ಟರಲ್ಲಿ ಅಜ್ಜಿ ಒಳಗಿಂದ ಬಂದು, ಅಪ್ಪನನ್ನು ಪಕ್ಕಕ್ಕೆ ಸರಿಸಿ, ಹೊಸಿಲ ಮೇಲೆಯೇ ಕೂತುಬಿಟ್ಟಳು. ಹೊಸಿಲ ಮೇಲೆ ಕೂತರೆ ನಮ್ಮನ್ನು ಬೈಯುತ್ತಿದ್ದವಳು ಅವಳೇ.

"ನನ್ ಮಗಳ ಕೈ ನೆಟ್ಟಗಿತ್ತು ನಿಮ್ಮನೇಗೆ ಕಳಿಸ್ದಾಗ" ಎಂದಳು. "ಅಂಗೇ ಮಾಡ್ಕೊಡಿ. ಆಮ್ಯಾಕೆ ಕಳಿಸ್ತೀನಿ."

 ಅತ್ತೆಯ ಗಂಡ ಬೀದಿಯ ಕಡೆ ನೋಡಿದ. ಅಕ್ಕಪಕ್ಕದವರು ಆಗಲೇ ಬಂದು ನಿಂತಿದ್ದರು. ಹೋಗುವಾಗ ಅವನು ಎಲ್ಲರಿಗೂ ಕೈಮುಗಿದೇ ಹೋದ. ಕೋಣೆಯೊಳಗೆ ಅತ್ತೆ ನನ್ನ ತೋಳನ್ನು ಹಿಡಿದಿದ್ದ ಕಡೆ ಅವಳ ಬೆರಳುಗಳ ಗುರುತು ಎದ್ದಿತ್ತು.

ಅಲ್ಲಿಗೆ ಮುಗಿಯಿತು ಎನ್ನುವ ಹಾಗಿರಲಿಲ್ಲ. ಆ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ತೋಟಕ್ಕೆ ಹೋದಾಗ ಒಂದು ಸಾಲಿನ ದ್ರಾಕ್ಷಿ ಬಳ್ಳಿಗಳೆಲ್ಲ ಬುಡದಲ್ಲಿ ಕತ್ತರಿಸಿಹೋಗಿದ್ದವು. ಎಲೆಗಳು ಇನ್ನೂ ಬಾಡಿರಲಿಲ್ಲ. ಮಾಡಿದವರು ಯಾರೆಂದು ಹೇಳಲು ಸಾಕ್ಷಿಯಿರಲಿಲ್ಲ. ಅತ್ತೆ ಆ ಸಾಲಿನ ಮಧ್ಯೆ ಕೂತು ಅತ್ತಳು. ನನ್ನಿಂದ ಹೀಗಾಯಿತು, ನಾನು ಹೋಗಿಬಿಡುತ್ತೇನೆ ಎಂದಳು. ಅಪ್ಪ ಗುದ್ದಲಿ ತೆಗೆದುಕೊಂಡು ಬುಡಗಳನ್ನು ಅಗೆಯುತ್ತ, ಬಳ್ಳಿ ಇನ್ನೊಂದು ನೆಟ್ಟರೆ ಬರುತ್ತದೆ ಎಂದಷ್ಟೇ ಹೇಳಿದ. ಅದರ ಮುಂದಿನ ಎರಡು ಮೂರು ವರ್ಷ ನಾನು ಶಾಲೆಯಿಂದ ಓಡಿಕೊಂಡೇ ಮನೆಗೆ ಬರುತ್ತಿದ್ದೆ. ಅತ್ತೆಯ ದನಿ ಕಿವಿಗೆ ಬಿದ್ದ ಮೇಲೆಯೇ ಪುಸ್ತಕದ ಚೀಲ ಇಳಿಸುತ್ತಿದ್ದೆ.

ಆದರೆ ಅವಳು ಹೋಗಲಿಲ್ಲ. ಹೊಸ ಸಾಲನ್ನು ಅವಳೇ ನೆಟ್ಟಳು. ಮೆಲ್ಲಮೆಲ್ಲಗೆ ತೋಟದ ಕೆಲಸವೆಲ್ಲ ಅವಳ ಕೈಗೆ ಬಂತು. ಯಾವ ಬಳ್ಳಿಯನ್ನು ಎಲ್ಲಿ ಸವರಬೇಕು ಎಂದು ಹೆಬ್ಬಾಳದ ಕಾಲೇಜಿನವರನ್ನು ಕೇಳಿಕೊಂಡು ಬರುತ್ತಿದ್ದಳು. ಮಾರ್ಕೆಟ್ಟಿಗೆ ಹಣ್ಣಿನ ಬುಟ್ಟಿಗಳ ಜೊತೆ ಲಾರಿಯಲ್ಲಿ ತಾನೇ ಹೋಗುತ್ತಿದ್ದಳು. ಮೊದಮೊದಲು ಜನ ಆಡಿಕೊಂಡರು. ಹಣ್ಣು ಚೆನ್ನಾಗಿ ಬಂದ ಮೇಲೆ ಅವರೂ ಸುಮ್ಮನಾದರು.

ಒಂದು ದಿನ ಚಪ್ಪರದ ಕೆಳಗೆ ಧೈರ್ಯ ಮಾಡಿ ಕೇಳಿದೆ, ಸಾಯುವ ಕತೆಯನ್ನು ಅಷ್ಟು ಸಲ ಯಾಕೆ ಓದಿದೆ ಎಂದು. ಅವಳಿಗೆ ನಗು ಬಂತು. ಕೊನೆಯ ಅಧ್ಯಾಯವನ್ನು ತಾನು ಓದಿದ್ದು ಒಂದೇ ಸಲ ಎಂದಳು. ಆಮೇಲೆ ಪ್ರತಿ ಸಲವೂ ಓದಿದ್ದು ನಡುವಿನ ಭಾಗವನ್ನಂತೆ. ಕತೆಯ ಹೆಂಗಸು ವಠಾರದ ಕೋಣೆಗೆ ಬಂದ ಮೊದಲ ದಿನ, ಒಳಗಿನಿಂದ ಚಿಲಕ ಹಾಕಿಕೊಂಡು, ತನಗೊಬ್ಬಳಿಗೇ ಅನ್ನ ಮಾಡಿಕೊಂಡು, ಗೋಡೆಗೆ ಒರಗಿ ಕೂತು ಉಣ್ಣುತ್ತಾಳಲ್ಲ, ಆ ಪುಟಗಳು. ಸಿನಿಮಾದಲ್ಲಿ ಅದು ಹೇಗೆ ಬಂದಿದೆಯೋ ನೋಡೋಣವೆಂದೇ ಹೋದದ್ದು ಎಂದಳು. ಚಿತ್ರದಲ್ಲಿ ಆ ಭಾಗ ಇರಲೇ ಇಲ್ಲವಂತೆ. ಕೋಣೆಗೆ ಬಂದಳು, ಹೊಲಿಗೆ ಯಂತ್ರದ ಮುಂದೆ ಕೂತು ಅತ್ತಳು, ಅಷ್ಟೇ.

ಒಂದೇ ಪುಸ್ತಕವನ್ನು ಒಂದೇ ಚಪ್ಪರದ ಕೆಳಗೆ ಕೂತು ಓದಿದ್ದೆವು. ನಾನು ಓದಿದ್ದು ಕೆರೆಯನ್ನು, ಅವಳು ಓದಿದ್ದು ಚಿಲಕ ಹಾಕಿದ ಕೋಣೆಯನ್ನು.

ನಾನು ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾಗ ಆ ಚಿತ್ರ ತಿರುಗಾಡಿ ಕೊನೆಗೆ ಯಲಹಂಕದ ಟೆಂಟಿಗೂ ಬಂತು. ಅತ್ತೆ ಬರುವುದಿಲ್ಲ ಎಂದಳು, ನೀನು ಬೇಕಾದರೆ ಹೋಗು ಎಂದಳು. ಸಂಜೆಯ ಮೊದಲ ಆಟಕ್ಕೆ ಹೋದೆ. ಟಿಕೆಟ್ಟು ಕೊಳ್ಳುವ ಸಾಲಿನಲ್ಲಿ ನಿಂತೆ, ಮತ್ತೆ ಹೊರಬಂದೆ. ಟೆಂಟಿನ ಬಟ್ಟೆಯ ಆಚೆಯಿಂದ ಮಾತುಗಳೆಲ್ಲ ಕೇಳುತ್ತಿದ್ದವು. ಗಂಡನ ಮೆಲುದನಿ ಕೇಳಿತು, ಆಮೇಲೆ ಒಂದು ಕದ ಮುಚ್ಚಿದ ಸದ್ದು. ಮುಂದಿನದನ್ನು ಕೇಳಲು ನನ್ನಿಂದಾಗಲಿಲ್ಲ. ಮನೆಯ ದಾರಿ ಹಿಡಿದೆ, ನಡೆಯುತ್ತಿದ್ದವಳು ಯಾವಾಗ ಓಡತೊಡಗಿದೆನೋ ತಿಳಿಯಲಿಲ್ಲ.

ಅತ್ತೆ ಹಜಾರದಲ್ಲಿ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಇಷ್ಟು ಬೇಗ ಯಾಕೆ ಬಂದೆ ಎಂದು ಕೇಳಲಿಲ್ಲ. ಮೊರವನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದಳು. ನಾನು ಕೂತು ಕಲ್ಲು ಹುಡುಕತೊಡಗಿದೆ. ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು.